ಹತ್ತಕ್ಕೆ ಏಳು ಅಂಕ

"ಬರುತ್ತೆ ಅನ್ನೋ ನಂಬಿಕೆನೇ ಇಲ್ದಿದ್ರೆ ಯಾಕೆ ಮೇಡಂ ಕಾಯ್ತಾರೆ?"

ಮೂರನೇ ಬೆಂಚಿನಿಂದ ಬಂದ ಪ್ರಶ್ನೆಗೆ ಅಕ್ಷತಾಳ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು.

ಯಾರಪ್ಪಾ ಇವನು... ಕ್ಲಾಸಿಗೆ ಸೇರಿ ಇನ್ನೂ ಅರ್ಧ ಗಂಟೆಯಾಗಿಲ್ಲ!

ಕಡೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅದು. ಸಂಜೆ ಆರರಿಂದ ಏಳೂವರೆವರೆಗೆ ದೊಡ್ಡವರಿಗೆ ಇಂಗ್ಲಿಷ್ ಕ್ಲಾಸು. ಅಕ್ಷತಾ ಹಗಲೆಲ್ಲ ಯಗಟಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ, ಸಂಜೆ ಇಲ್ಲಿ. ಅತಿಥಿ ಅನ್ನೋದು ಹೆಸರಿಗೆ ಮಾತ್ರ. ಅತಿಥಿಯನ್ನು ಇಷ್ಟು ದುಡಿಸಿಕೊಳ್ಳುವ ಮನೆ ಇನ್ನೊಂದಿರಲಿಕ್ಕಿಲ್ಲ ಬಿಡಿ.

ಅವಳ ಪಾಠದ ಕ್ರಮವೇ ಬೇರೆ. ದಿನಕ್ಕೆ ಎರಡು ಪದ. ಅಕ್ಕತಂಗಿಯರ ಹಾಗೆ ಕಾಣುವ, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ಎಲ್ಲರೂ ಎಡವುವ ಎರಡು ಇಂಗ್ಲಿಷ್ ಪದ. ಅವುಗಳ ವ್ಯತ್ಯಾಸವನ್ನು ಅವಳು ಹೇಳುತ್ತಾಳೆ. ಎಲ್ಲರೂ ಮನೆಗೆ ಹೋಗಿ ಆ ಎರಡನ್ನೂ ಬಳಸಿ ನೋಟ್‌ಬುಕ್ಕಿನಲ್ಲಿ ವಾಕ್ಯ ಬರೆದು ತರಬೇಕು. ನಿಯಮ ಒಂದೇ: ವಾಕ್ಯ ನಿಮ್ಮ ಬದುಕಿನದೇ ಆಗಿರಬೇಕು, ಸುಳ್ಳು ಬರೆಯುವಂತಿಲ್ಲ. ಗೈಡಿನಿಂದ ಕದ್ದದ್ದು ಮರುದಿನವೇ ಮರೆತುಹೋಗುತ್ತೆ, ಸ್ವಂತದ್ದು ಸಾಯುವವರೆಗೂ ಉಳಿಯುತ್ತೆ ಅನ್ನುವುದು ಅವಳ ನಂಬಿಕೆ.

ಅವತ್ತಿನ ಪದಗಳು 'ವೇಟ್' ಮತ್ತು 'ಎಕ್ಸ್‌ಪೆಕ್ಟ್'. ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದರೆ ಅದು ವೇಟ್, ಬಸ್ಸು ಬಂದೇ ಬರುತ್ತೆ ಅಂತ ಮನಸ್ಸಿನಲ್ಲಿದ್ದರೆ ಅದು ಎಕ್ಸ್‌ಪೆಕ್ಟ್ ಅಂತ ಅವಳು ವಿವರಿಸಿದ್ದಳು. ಮೊದಲನೆಯದು ಕಾಲಿನ ಕೆಲಸ, ಎರಡನೆಯದು ಮನಸ್ಸಿನದು. ಒಂದು ಇದ್ದು ಇನ್ನೊಂದು ಇಲ್ಲದೆಯೂ ಇರಬಹುದು, ಅಂದಿದ್ದಳು.

ಆಗಲೇ ಅವನು ಆ ಪ್ರಶ್ನೆ ಕೇಳಿದ್ದು.

"ಬೇರೆ ಬಸ್ ಇಲ್ದಿದ್ರೆ ಕಾಯ್ತಾರೆ. ಕೂತ್ಕೊಳ್ಳಿ," ಅಂದಳು ಅಕ್ಷತಾ. ಕ್ಲಾಸೆಲ್ಲ ನಕ್ಕಿತು, ಅವಳು ನಗಲಿಲ್ಲ. ಅವನೂ ನಗಲಿಲ್ಲ. ಯಾವುದೋ ಗಾಯ ಮುಟ್ಟಿದೆ ಅಂತ ಅವನಿಗೆ ಗೊತ್ತಾಗಿಬಿಟ್ಟಿತ್ತು. ತಲೆ ತಗ್ಗಿಸಿ ಬರೆದುಕೊಳ್ಳತೊಡಗಿದ.

ಮುಟ್ಟಿದ್ದು ನಿಜವೇ. ತರೀಕೆರೆಯ ಕಾಂತರಾಜು ಅನ್ನುವವನ ಜೊತೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಮುಂದಿನ ವರ್ಷ ಮದುವೆ ಅಂದರು. ಮುಂದಿನ ವರ್ಷ ಬಂದಾಗ ಮತ್ತೆ ಮುಂದಿನ ವರ್ಷ ಅಂದರು. ಹಾಗೆ ಮೂರು ವರ್ಷ. ಫೋನ್ ಎತ್ತುವುದನ್ನೂ ನಿಲ್ಲಿಸಿದಾಗ ಅವಳೇ ಮಾನ ಬಿಟ್ಟು ತರೀಕೆರೆಗೆ ಹೋಗಿದ್ದಳು. ಹನ್ನೊಂದರಿಂದ ನಾಲ್ಕರ ತನಕ ಅವರ ಜಗುಲಿಯ ಮೇಲೆ ಕೂತಿದ್ದಳು. ಕೊನೆಗೆ ಅವನ ತಾಯಿ ಬಂದು ಒಂದು ಲೋಟ ಕಾಫಿ ಕೊಟ್ಟು, ಕಡೂರಿಗೆ ನಾಲ್ಕೂಕಾಲಿಗೆ ಬಸ್ಸಿದೆ ಅಂತ ಹೇಳಿ ಒಳಗೆ ಹೋದಳು. ಎರಡು ತಿಂಗಳಿಗೆ ಕಾಂತರಾಜುವಿನ ಮದುವೆ ಬೇರೆ ಕಡೆ ಆಯಿತು.

ಅದಾಗಿ ಐದು ವರ್ಷ. ಈಗ ಅಕ್ಷತಾಗೆ ಮೂವತ್ತಮೂರು. ಮನೆಯಲ್ಲಿ ತಾಯಿ ದ್ಯಾವಮ್ಮ, ಅವಳು, ಇಬ್ಬರೇ. ಅಳು ಯಾವತ್ತೋ ಮುಗಿದಿತ್ತು. ಉಳಿದದ್ದು ಸುಸ್ತು... ಮೈಯದೋ ಮನಸ್ಸಿನದೋ ಅವಳಿಗೇ ಗೊತ್ತಿರಲಿಲ್ಲ. ಇನ್ನು ಯಾರ ಬಾಗಿಲಿಗೂ ಹೋಗಿ ಕೂರುವುದಿಲ್ಲ ಅಂತ ಮಾತ್ರ ಅವಳು ತೀರ್ಮಾನ ಮಾಡಿಕೊಂಡಿದ್ದಳು.

ಆ ಹೊಸಬನ ಹೆಸರು ತಿಪ್ಪೇಶ್. ಪಶು ಆಸ್ಪತ್ರೆಯ ನೌಕರ. ಡಾಕ್ಟರಲ್ಲ, ಊರೂರು ತಿರುಗಿ ಕುರಿ-ದನಗಳಿಗೆ ಲಸಿಕೆ ಹಾಕುವವನು. ಬಡ್ತಿಗೆ ಪರೀಕ್ಷೆ ಬರೆಯಬೇಕು, ಅದಕ್ಕೆ ಇಂಗ್ಲಿಷ್ ಬೇಕು ಅಂತ ಸೇರಿದ್ದ. ಅವನು ಒಳಗೆ ಬಂದರೆ ಔಷಧಿಯ ವಾಸನೆಯೂ ಜೊತೆಗೆ ಬರುತ್ತಿತ್ತು. ಪಕ್ಕದಲ್ಲಿ ಕೂರುವ ಈಶ್ವರಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಅವನ ಪೆನ್ನು ಕಡ ಕೇಳುತ್ತಿದ್ದರು. ಈಶ್ವರಮ್ಮನವರದು ಬಸ್‌ಸ್ಟ್ಯಾಂಡ್ ಹತ್ತಿರ ಇಡ್ಲಿ ಹೋಟೆಲ್ಲು. ಅವರ ಬೀಗಿತ್ತಿ ಬೇಕೆಂದೇ ಇಂಗ್ಲಿಷಿನಲ್ಲಿ ಮಾತಾಡುತ್ತಾಳಂತೆ. ಅವಳಿಗೆ ಒಂದೇ ಒಂದು ಸಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಸಾಯಬೇಕು ಅನ್ನುವುದು ಈಶ್ವರಮ್ಮನವರ ಹಟ.

ಮರುದಿನ ತಿಪ್ಪೇಶನ ನೋಟ್‌ಬುಕ್ ಬಂತು. ಅವನು ಬರೆದದ್ದು ಇಂಗ್ಲಿಷಿನಲ್ಲಿ, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. 'ಕುರಿಗಳು ನನಗಾಗಿ ಕಾಯುವುದಿಲ್ಲ. ನಾನು ಬರುತ್ತೇನೆ ಅಂತ ಅವಕ್ಕೆ ಗೊತ್ತು, ಅದಕ್ಕೇ ಓಡುತ್ತವೆ. ನಿನ್ನೆ ನಿಮ್ಮನ್ನು ನೋಯಿಸಿದ್ದಕ್ಕೆ ಕ್ಷಮಿಸಿ.'

ಬಸ್ಸಿನಲ್ಲಿ ಕೂತು ಅದನ್ನು ಓದಿದ ಅಕ್ಷತಾಗೆ ಎಷ್ಟೋ ದಿನಗಳ ಮೇಲೆ ತುಟಿಯಂಚಿನಲ್ಲಿ ನಗು ಬಂತು.

ಎಲ್ಲರ ನೋಟ್‌ಬುಕ್ಕನ್ನೂ ಅವಳು ತಿದ್ದುತ್ತಿದ್ದದ್ದು ಬಸ್ಸಿನಲ್ಲೇ. ಕಡೂರಿನಿಂದ ಯಗಟಿಗೆ ಹೋಗುವ ಬೆಳಗಿನ ಬಸ್ಸು, ಕೆಂಪು ಪೆನ್ನು, ತೊಡೆಯ ಮೇಲೆ ಬ್ಯಾಗು. ವಾರಕ್ಕೆರಡು ದಿನ ತಿಪ್ಪೇಶನಿಗೂ ಅದೇ ದಾರಿಯಲ್ಲಿ ಡ್ಯೂಟಿ. ಅವನಿಗೆ ಬೈಕ್ ಇತ್ತು. ಆದರೂ ಬಸ್ಸಿಗೆ ಬರತೊಡಗಿದ. ಲಸಿಕೆಯ ಐಸ್ ಡಬ್ಬಿ ಬೈಕಿನಲ್ಲಿ ಕುಲುಕುತ್ತದಂತೆ. ಬಸ್ಸೇನು ಕುಲುಕುವುದಿಲ್ಲವೇ? ಆ ರಸ್ತೆಯಲ್ಲಿ ಬಸ್ಸು ಹತ್ತಿದವರಿಗೆ ಗೊತ್ತು, ಹೊಟ್ಟೆಯೊಳಗಿನ ಮುದ್ದೆಯೂ ಜಾಗ ಬದಲಿಸುತ್ತೆ. ಅಕ್ಷತಾಗೆ ಇದು ಹೊಳೆಯಲಿಲ್ಲ ಅಂತಲ್ಲ. ಹೊಳೆದದ್ದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಬಸ್ಸಿನಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತೆಲ್ಲ ನೋಟ್‌ಬುಕ್ಕಿನಲ್ಲಿ. ತಿದ್ದುತ್ತಾ ತಿದ್ದುತ್ತಾ ಅವಳಿಗೆ ಒಮ್ಮೊಮ್ಮೆ ನಿದ್ದೆ ಹತ್ತುತ್ತಿತ್ತು. ಎಚ್ಚರವಾದಾಗ ನೋಟ್‌ಬುಕ್ಕುಗಳೆಲ್ಲ ಅಚ್ಚುಕಟ್ಟಾಗಿ ಅವನ ಮಡಿಲಲ್ಲಿರುತ್ತಿದ್ದವು, ಅವನು ಕಿಟಕಿಯಾಚೆ ನೋಡುತ್ತಿದ್ದ.

'ಹಿಯರ್' ಮತ್ತು 'ಲಿಸನ್' ಪಾಠವಾದ ದಿನ ಈಶ್ವರಮ್ಮ ಬರೆದರು: 'ಬೀಗಿತ್ತಿ ಮಾತು ನನಗೆ ಕೇಳಿಸುತ್ತೆ. ನಾನು ಕಿವಿಗೊಡೋದಿಲ್ಲ.' ಎರಡು ಪದದ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು?

ತಿಪ್ಪೇಶ್ ಬರೆದಿದ್ದ: 'ನಮ್ಮಪ್ಪ ಲಕ್ಷ್ಮಣಪ್ಪ ಆರು ವರ್ಷ ಹಾಸಿಗೆ ಹಿಡಿದಿದ್ದರು. ಅವರು ನರಳುವುದು ನನಗೆ ಕೇಳಿಸುತ್ತಿತ್ತು. ಆದರೆ ನಾನು ಕಿವಿಗೊಡುತ್ತಿದ್ದದ್ದು ನರಳಾಟ ನಿಂತಾಗ.'

ಅಕ್ಷತಾ ಆ ಪುಟಕ್ಕೆ ಕೆಂಪು ಪೆನ್ನು ಮುಟ್ಟಿಸಲಿಲ್ಲ. ಕೆಳಗೆ ಸಹಿ ಮಾತ್ರ ಮಾಡಿದಳು. ಇಷ್ಟು ಸುಸ್ತಾದ ಮನುಷ್ಯ ಇನ್ನೊಬ್ಬನಿದ್ದಾನಾ... ನನ್ನ ಪಕ್ಕದಲ್ಲೇ ಕೂತಿದ್ದಾನಾ... ಅನ್ನಿಸಿತು.

ಇನ್ನೊಂದು ದಿನ 'ಸ್ಲೀಪ್' ಮತ್ತು 'ರೆಸ್ಟ್'. ನಿದ್ದೆಗೂ ವಿಶ್ರಾಂತಿಗೂ ಏನು ವ್ಯತ್ಯಾಸ ಅಂತ ಕ್ಲಾಸಿಗೆ ಹೇಳುವಾಗ ಅವಳ ಬಾಯಿಂದ ಸ್ವಂತ ವಾಕ್ಯವೇ ಜಾರಿತು. "ನಾನು ದಿನಾ ಸ್ಲೀಪ್ ಮಾಡ್ತೀನಿ. ರೆಸ್ಟ್ ಮಾಡಿ ಎಂಟು ವರ್ಷ ಆಯ್ತು." ಎಲ್ಲರೂ ಅದನ್ನು ಬರೆದುಕೊಂಡರು. ತಿಪ್ಪೇಶ್ ಬರೆದುಕೊಳ್ಳಲಿಲ್ಲ, ಅವಳನ್ನೇ ನೋಡುತ್ತಾ ಕೂತಿದ್ದ. ಅವಳು ಬೋರ್ಡಿನ ಕಡೆ ತಿರುಗಿಕೊಂಡಳು.

ಅವರಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದರು. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ.

ಹಾಗಿದ್ದರೆ ಕಷ್ಟ ಬಂದದ್ದೆಲ್ಲಿ? ನವೆಂಬರಿನಲ್ಲಿ. ಹೈಸ್ಕೂಲಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದು ನೂರ ನಲವತ್ತು ಉತ್ತರ ಪತ್ರಿಕೆ ಅವಳ ತಲೆಯ ಮೇಲೆ ಬಂದವು. ಅದೇ ವಾರ ದ್ಯಾವಮ್ಮನಿಗೆ ಜ್ವರ. ಮೂರು ದಿನ ಅಕ್ಷತಾ ಕಣ್ಣು ಮುಚ್ಚಿರಲಿಲ್ಲ. ಆದರೂ ಕ್ಲಾಸಿನ ನೋಟ್‌ಬುಕ್ ತಿದ್ದುವುದನ್ನು ಬಿಡಲಿಲ್ಲ. ಒಪ್ಪಿಕೊಂಡ ಕೆಲಸ ತಪ್ಪಿಸಬಾರದು ಅನ್ನುವ ಹುಚ್ಚು ಅವಳಿಗೆ.

ಅವತ್ತು ತಿಪ್ಪೇಶನ ನೋಟ್‌ಬುಕ್ಕಿನಲ್ಲಿ ಎರಡು ವಾಕ್ಯದ ಬದಲು ಒಂದಿಡೀ ಪುಟವಿತ್ತು.

ತಿದ್ದುವುದು ಬೇರೆ, ಓದುವುದು ಬೇರೆ. ಬೇಕಾದರೆ ಯಾವ ಮೇಷ್ಟ್ರನ್ನಾದರೂ ಕೇಳಿ. ನೂರು ಪೇಪರ್ ದಾಟಿದ ಮೇಲೆ ಕಣ್ಣಿಗೆ ಅರ್ಥ ಕಾಣುವುದಿಲ್ಲ, ತಪ್ಪು ಮಾತ್ರ ಕಾಣುತ್ತೆ. ಅಕ್ಷತಾಳ ಕೈ ತನ್ನಷ್ಟಕ್ಕೆ ಓಡಿತು. ಇಲ್ಲೊಂದು ಗೆರೆ, ಅಲ್ಲೊಂದು ಸುತ್ತು, ಬಿಟ್ಟುಹೋದ ಪದಕ್ಕೊಂದು ಬಾಣದ ಗುರುತು. ಕೊನೆಯಲ್ಲಿ ಬರೆದಳು: 'ಚೆನ್ನಾಗಿದೆ. ವಾಕ್ಯಗಳು ಇನ್ನೂ ಚಿಕ್ಕವಾಗಿರಲಿ. ಹತ್ತಕ್ಕೆ ಏಳು.' ಸಹಿ ಹಾಕಿ ಮುಚ್ಚಿದಳು.

ಆ ಪುಟದಲ್ಲಿ ತಿಪ್ಪೇಶ್, ನನ್ನನ್ನು ಮದುವೆಯಾಗುತ್ತೀರಾ ಅಂತ ಕೇಳಿದ್ದ.

ಸಂಜೆ ನೋಟ್‌ಬುಕ್ ಕೈಗೆ ಬಂದಾಗ ಅವನು ತೆರೆದು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಬ್ಯಾಗಿಗೆ ಹಾಕಿಕೊಂಡು, ಕ್ಲಾಸು ಮುಗಿಯುವವರೆಗೂ ಕೂತಿದ್ದು, ಎಲ್ಲರ ಜೊತೆ ಮೆಟ್ಟಿಲಿಳಿದು ಹೋದ. ಇಲ್ಲ ಅನ್ನಲು ಇಷ್ಟು ಮರ್ಯಾದೆಯ ದಾರಿ ಇನ್ನೊಂದಿಲ್ಲ ಅಂತ ಅವನು ತಿಳಿದ. ನಿನ್ನ ಜಾಗ ಬೆಂಚಿನಲ್ಲಿ, ನನ್ನದು ಬೋರ್ಡಿನ ಹತ್ತಿರ ಅಂತ ಮೇಡಂ ಹೇಳಿದ್ದಾರೆ, ಮುಗೀತು. ಅಪ್ಪನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಏನನ್ನೋ ಕೇಳಿದ್ದ ಮನುಷ್ಯ, ಎರಡನೇ ಸಲ ಕೇಳುವ ತ್ರಾಣ ಅವನಿಗಿರಲಿಲ್ಲ.

ಮರುದಿನದಿಂದ ಅವನು ಬರಲಿಲ್ಲ. ಬೆಳಗಿನ ಬಸ್ಸಿನಲ್ಲೂ ಇಲ್ಲ. ಅಜ್ಜಂಪುರದ ಕಡೆ ಲಸಿಕೆ ಕ್ಯಾಂಪಿಗೆ ಜನ ಬೇಕಿತ್ತು, ಕೇಳಿ ಹಾಕಿಸಿಕೊಂಡು ಹೋಗಿದ್ದಾನೆ ಅಂತ ಯಾರೋ ಅಂದರು. ಕೇಳಿ ಹಾಕಿಸಿಕೊಂಡು!

ಒಂದು ಮಾತು ಹೇಳದೆ... ಇವನೂ ಅಷ್ಟೇನಾ?

ಅಕ್ಷತಾಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ. ಫೋನ್ ನಂಬರ್ ಇತ್ತು, ಮಾಡಲಿಲ್ಲ. ಫೋನ್ ಎತ್ತದವರಿಗೆ ಫೋನ್ ಮಾಡಿ ಮಾಡಿ ಸವೆದುಹೋದ ಬೆರಳು ಅದು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಿನಾ ಗೈರು ಅಂತ ಬರೆದಳು. ಬರೆಯುವ ಮುಂಚೆ ದಿನಾ ಮೂರನೇ ಬೆಂಚನ್ನು ಒಂದು ಸಲ ನೋಡಿದಳು. ಬರುವುದಿಲ್ಲ ಅಂತ ಗೊತ್ತಿದ್ದೂ ನೋಡುತ್ತಿದ್ದೇನಲ್ಲ ಅಂತ ಅವಳಿಗೆ ತನ್ನ ಮೇಲೇ ಬೇಜಾರಾಯಿತು.

ಮೂರು ವಾರ ಕಳೆಯಿತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಈಶ್ವರಮ್ಮ ಉಳಿದರು. ಬೆಂಚಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, ಒಂದು ಮಾತು ಕೇಳಿದರೆ ಬೇಜಾರು ಮಾಡ್ಕೋತೀರಾ ಅಂದರು. ಇಲ್ಲ ಅಂದಳು ಅಕ್ಷತಾ.

"ಬ್ಯಾಡ ಅಂದ್ರೆ ಬ್ಯಾಡ ಅಂತ ಬಾಯಲ್ಲಿ ಹೇಳ್ಬೋದಿತ್ತು ಕಣವ್ವಾ. ಮದ್ವೆ ಆಗ್ತೀರಾ ಅಂತ ಕೇಳಿದ್ ಗಂಡಸಿಗೆ ಯಾರಾದ್ರೂ ಮಾರ್ಕ್ಸ್ ಹಾಕಿ ಕಳಿಸ್ತಾರಾ?"

ಅಕ್ಷತಾ ಹಾಜರಿ ಪುಸ್ತಕ ಮುಚ್ಚಿ ಅವರ ಕಡೆ ತಿರುಗಿದಳು.

ಏನು ಮದುವೆ? ಯಾವ ಮಾರ್ಕ್ಸು? ಈಶ್ವರಮ್ಮ ಬಿಡಿಸಿ ಹೇಳಿದರು. ಅಜ್ಜಂಪುರಕ್ಕೆ ಹೊರಟ ದಿನ ತಿಪ್ಪೇಶ್ ಅವರ ಹೋಟೆಲ್ಲಿನಲ್ಲಿ ಇಡ್ಲಿ ತಿಂದು, ಕೈ ತೊಳೆಯದೆ ಕೂತಿದ್ದನಂತೆ. ಏನಪ್ಪಾ ಅಂತ ಬಲವಂತ ಮಾಡಿ ಕೇಳಿದ್ದಕ್ಕೆ ಹೇಳಿದ್ದನಂತೆ. ಮೇಡಂ ತಪ್ಪೇನಿಲ್ಲ, ನಾನೇ ನನ್ನ ಅಳತೆ ಮರೆತೆ ಅಂದನಂತೆ. ಯಾರಿಗೂ ಹೇಳಬೇಡಿ ಅಂತ ಆಣೆಯನ್ನೂ ಹಾಕಿಸಿಕೊಂಡಿದ್ದನಂತೆ. ಮೂರು ವಾರ ಆ ಆಣೆಯನ್ನು ಕಾಪಾಡಿದ್ದೇ ತಮ್ಮ ಜೀವಮಾನದ ದಾಖಲೆ ಅಂದರು ಈಶ್ವರಮ್ಮ.

ಅವತ್ತು ಮನೆಗೆ ನಡೆದು ಬರುತ್ತಾ ಅಕ್ಷತಾ ಆ ಪುಟವನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಒಂದು ಮಾತೂ ನೆನಪಿಲ್ಲ! ಎರಡನೇ ಸಾಲಿನಲ್ಲಿ ಒಂದು ಸುತ್ತು ಹಾಕಿದ್ದು, ನಡುವೆಲ್ಲೋ ಉದ್ದದ ಗೆರೆ ಎಳೆದದ್ದು, ಅಷ್ಟೇ ನೆನಪು. ಒಬ್ಬ ಮನುಷ್ಯ ಎದೆ ತೆರೆದು ಬರೆದಿದ್ದಾನೆ, ತನಗೆ ಉಳಿದಿರುವುದು ಅವನ ತಪ್ಪುಗಳು ಮಾತ್ರ... ಅವಳು ಬೀದಿಯಲ್ಲೇ ಅತ್ತಳು. ಐದು ವರ್ಷದ ಮೇಲೆ ಬಂದ ಅಳು, ನಿಲ್ಲಿಸಲು ಅವಳಿಗೆ ಬರಲಿಲ್ಲ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಇದು ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಅವಳಿಗೆ ಗೊತ್ತಿತ್ತು. ಹೋಗಬೇಕು. ಹೋಗುವುದೆಂದರೆ ಮತ್ತೆ ಒಬ್ಬ ಗಂಡಸಿನ ಬಾಗಿಲಿಗೆ ಹೋಗಿ ನಿಲ್ಲುವುದು. ಅವನು ಮುಖ ತಿರುಗಿಸಿದರೆ? ಈ ಸಲ ಬಿದ್ದರೆ ಮತ್ತೆ ಏಳುವ ಶಕ್ತಿ ಇಲ್ಲವಲ್ಲ. ಎರಡು ದಿನ ಅವಳು ಇದನ್ನೇ ಯೋಚಿಸಿದಳು. ಹೋಗದಿದ್ದರೆ ಮಾನ ಉಳಿಯುತ್ತೆ, ಅವನು ಹೋಗುತ್ತಾನೆ. ಮಾನವನ್ನು ಇಟ್ಟುಕೊಂಡು ಐದು ವರ್ಷ ಬದುಕಿ ನೋಡಿದ್ದಾಗಿತ್ತು, ಅದೇನೂ ರಾತ್ರಿ ಊಟ ಆಯ್ತಾ ಅಂತ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ತಾಯಿಗೆ ಎಲ್ಲ ಹೇಳಿದಳು. ದ್ಯಾವಮ್ಮ ಮಗಳ ಮುಖವನ್ನೇ ನೋಡಿ, ತಲೆ ಸವರಿದರು.

"ಹೋಗ್ಬಾ ಮಗ. ಅಲ್ಲೂ ಕಾಫಿ ಕೊಟ್ಟು ಬಸ್ ಟೈಮ್ ಹೇಳಿದ್ರೆ, ಕುಡೀದಂಗೆ ಎದ್ ಬಂದ್ಬಿಡು."

ಬೀರೂರಿನ ಮೇಲೆ ಅಜ್ಜಂಪುರದ ಬಸ್ಸು. ಅವತ್ತು ಅವಳ ಕೈಯಲ್ಲಿ ಪೆನ್ನಿರಲಿಲ್ಲ. ಅಜ್ಜಂಪುರದಲ್ಲಿ ವಿಚಾರಿಸಿದರೆ, ಕ್ಯಾಂಪು ಊರ ಹೊರಗಿನ ಕುರಿ ರೊಪ್ಪದಲ್ಲಿದೆ ಅಂದರು. ಆಟೋ ಮಾಡಿಕೊಂಡು ಹೋದಳು.

ಮುಳ್ಳಿನ ಬೇಲಿಯೊಳಗೆ ಕುರಿಗಳ ನಡುವೆ ತಿಪ್ಪೇಶ್ ಸಿರಿಂಜ್ ಹಿಡಿದು ಬಗ್ಗಿದ್ದ. ಕುರಿ ಕಾಯುವವರು ಊಟಕ್ಕೆ ಹೋಗಿದ್ದರು. ತಲೆಯೆತ್ತಿ ಅವಳನ್ನು ಕಂಡವನು ಹಿಡಿದಿದ್ದ ಕುರಿಯನ್ನು ಬಿಟ್ಟ. ಅದು ಸೂಜಿ ತಪ್ಪಿದ ಖುಷಿಗೆ ಹಾರಿ ಓಡಿತು.

"ಮೇಡಂ... ನೀವಿಲ್ಲಿ?"

"ಆ ನೋಟ್‌ಬುಕ್ ಕೊಡಿ."

"ಯಾಕೆ ಮೇಡಂ, ಇನ್ನೂ ತಪ್ಪು ಉಳ್ಕೊಂಡಿತ್ತಾ?"

ಅವನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಅದನ್ನ ಓದೇ ಇಲ್ಲ ತಿಪ್ಪೇಶ್. ಬರೀ ತಿದ್ದಿದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ನೂರ ನಲವತ್ತು ಪೇಪರ್, ಅಮ್ಮನ ಜ್ವರ, ಮೂರು ದಿನದ ನಿದ್ದೆಗೇಡು, ತಪ್ಪು ಮಾತ್ರ ಕಂಡ ಕಣ್ಣು. ತರೀಕೆರೆಯ ಜಗುಲಿಯನ್ನೂ ಹೇಳಿದಳು. ಅದನ್ನು ಅವಳು ತಾಯಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ನೀವೂ ಹೇಳದೆ ಹೋದವರ ಸಾಲಿಗೆ ಸೇರಿದಿರಿ ಅಂದುಕೊಂಡೆ, ಒಂದೇ ಒಂದು ಮಾತು ಕೇಳಬಹುದಿತ್ತಲ್ಲ ಅಂತ ಜಗಳವನ್ನೂ ಆಡಿದಳು.

"ತಪ್ಪಾಯ್ತು," ಅಂದ ತಿಪ್ಪೇಶ್. ಕೈಯಲ್ಲಿದ್ದ ಸಿರಿಂಜ್ ನೋಡುತ್ತಾ, "ನೋಟ್‌ಬುಕ್ ಇಲ್ಲ. ಅವತ್ತೇ ಒಲೆಗೆ ಹಾಕ್ಬಿಟ್ಟೆ."

ಅಕ್ಷತಾ ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತಳು.

"ಹಂಗಾದ್ರೆ ಬಾಯಲ್ಲಿ ಹೇಳಿ."

"ಇಂಗ್ಲಿಷಲ್ಲಿ ಅಂತ ಧೈರ್ಯ ಮಾಡಿದ್ದೆ ಮೇಡಂ. ಏನಾರ ಹೆಚ್ಚು ಕಮ್ಮಿ ಆದ್ರೆ ಭಾಷೆ ಮೇಲೆ ಹಾಕ್ಬೋದು. ಕನ್ನಡದಲ್ಲಿ ಹೇಳಿದ್ರೆ ಅದು ನಂದೇ ಆಗೋಗುತ್ತೆ."

"ನಂಗೆ ನಿಮ್ದೇ ಬೇಕು."

ಅವನು ಸಿರಿಂಜನ್ನು ಡಬ್ಬಿಯಲ್ಲಿಟ್ಟು ಬೇಲಿಯ ಹೊರಗೆ ಬಂದ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ನೆಲ ನೋಡುತ್ತಾ ಮಾತು ಶುರು ಮಾಡಿದ.

"ನಂಗೆ ಮೂವತ್ತಾರು. ಅಪ್ಪನ್ನ ನೋಡ್ಕೊಳ್ಳೋದ್ರಲ್ಲಿ ವಯಸ್ಸು ಹೋಯ್ತು, ಅದಕ್ಕೆ ಬೇಜಾರಿಲ್ಲ. ಅಪ್ಪ ಹೋದ್ಮೇಲೆ ಮನೆಗೆ ಹೋಗೋಕೆ ಒಂದು ಕಾರಣನೇ ಇರ್ಲಿಲ್ಲ. ಒಂದಿನ ಬಸ್ಸಲ್ಲಿ ನೀವು ನಿದ್ದೆ ಹೋಗಿದ್ರಿ, ಡ್ರೈವರ್ ಜೋರಾಗಿ ಬ್ರೇಕ್ ಹಾಕ್ದ, ನಿಮ್ಗೆ ಎಚ್ರ ಆಯ್ತು. ನಂಗೆ ಅವನ ಮೇಲೆ ಎಂಥಾ ಸಿಟ್ಟು ಬಂತು ಅಂದ್ರೆ... ನಂಗೆ ಸಿಟ್ಟು ಬಂದು ವರ್ಷಗಳೇ ಆಗಿತ್ತು. ಅವತ್ತೇ ಗೊತ್ತಾಯ್ತು. ನಿಮ್ಮನ್ನ ಮದ್ವೆ ಆಗೋ ಆಸೆ ಐತೆ. ನಿಮಗೂ ಆಸೆ ಇದ್ರೆ ಮಾತ್ರ. ಪಾಪ ಅಂತ ಆಗೋದು ಬ್ಯಾಡ."

ಅಕ್ಷತಾ ಈ ಸಲ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಂಗೂ ಆಸೆ ಇದೆ," ಅಂದಳು. "ಆಗ್ತೀನಿ."

ತಿಪ್ಪೇಶ್ ಅವಳ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟ. ಇಬ್ಬರೂ ಬಹಳ ದೂರ ನಡೆದು ಬಂದವರ ಹಾಗೆ ಕೂತಿದ್ದರು. ಆಮೇಲೆ ಅವನು ಸಂತೋಷಕ್ಕೆ ತಡವರಿಸುತ್ತಾ, ಮುಂದಿನ ತಿಂಗಳು ಕ್ಯಾಂಪು ಮುಗಿಯುತ್ತೆ, ಆಗ ಹಿರಿಯರನ್ನು ಕರೆದುಕೊಂಡು ಬಂದು ನಿಮ್ಮ ತಾಯಿಯನ್ನು ಕೇಳುತ್ತೇನೆ ಅಂದ.

'ಮುಂದಿನ' ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಕ್ಷತಾಳ ಮುಖ ಇಳಿದುಹೋಯಿತು. ಅವನು ನೋಡಿದ. ಯಾಕೆ ಅಂತ ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಇವತ್ತೇ ಬತ್ತೀನಿ," ಅಂದ. "ಹಿರಿಯರು ಆಮೇಲೆ ಬರ್ಲಿ. ಇವತ್ತು ನಾನೊಬ್ನೇ ಬಂದು ಅಮ್ಮನ್ನ ಕೇಳ್ತೀನಿ. ಇನ್ನೂ ನಲವತ್ತು ಕುರಿ ಬಾಕಿ ಐತೆ, ಮುಗಿಸ್ಕೊಂಡ್ ಹೊರಡಾಣ."

ಅಕ್ಷತಾ ಎದ್ದಳು. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರೊಪ್ಪದೊಳಗೆ ಬಂದಳು. ಹಿಡಿಯುವುದು ಹೇಗೆ ಹೇಳಿಕೊಡಿ ಅಂದಳು. ಅವನು ಬೇಡ ಅನ್ನಲಿಲ್ಲ. ಒಂದು ಕುರಿಯನ್ನು ಅವಳ ಮುಂದೆ ತಂದು ನಿಲ್ಲಿಸಿದ.

"ಕಿವಿ ಹಿಡೀಬ್ಯಾಡಿ, ನೋವಾಗುತ್ತೆ. ಕುತ್ತಿಗೆ ಕೆಳಗೆ ಕೈ ಹಾಕಿ, ಎದೆಗೆ ಒತ್ಕೊಳ್ಳಿ."

"ಹಿಂಗಾ?"

"ಹೂಂ. ಹಂಗೇ ಇರಿ, ಅಕ್ಷತಾ."

"ಇರ್ತೀನಿ," ಅಂದಳು ಅವಳು.